ಗುಡ್ಡ ಕಡಿಯುವವರನ್ನು ಕೇಳುವವರು ಯಾರು?

ಗುಡ್ಡದ ಮೇಲೆ ಮನೆ ಕಟ್ಟಿ ಮಾರುವವರ ಜಾಹೀರಾತುಗಳನ್ನು ಓದುಗರು ನೋಡಿಯೇ ಇರುತ್ತಾರೆ. ತಂಪು ಗಾಳಿ, ಕಣ್ತುಂಬ ಹಸಿರು, ಕಿಟಕಿ ತೆರೆದರೆ ಮೋಡ! ಈ ಜಾಹೀರಾತುಗಳಲ್ಲಿ ಕಾಣದ ಸಂಗತಿ ಒಂದೇ. ಗುಡ್ಡದ ಕೆಳಗೆ ಊರಿದೆ, ಊರಿನ ಕೆಳಗೆ ಕೆರೆಯಿದೆ.

ಇಂಥ ಬಡಾವಣೆ ಬರುವ ಮೊದಲು ಪರಿಸರದ ಮೇಲೆ ಅದರ ಪರಿಣಾಮವೇನೆಂದು ಪರಿಶೀಲಿಸಲು ಕಾನೂನು ಇದೆಯಲ್ಲ ಎಂದು ಕೆಲವರು ಸಮಾಧಾನ ಹೇಳುತ್ತಾರೆ. ಇದೆ, ನಿಜ. ಆ ಕಾನೂನನ್ನೇ ಬಿಚ್ಚಿ ನೋಡೋಣ.

2006ರ ಸೆಪ್ಟೆಂಬರ್ 14ರಂದು ಕೇಂದ್ರ ಸರ್ಕಾರ ಹೊರಡಿಸಿದ ಅಧಿಸೂಚನೆಯ ಪ್ರಕಾರ, ದೊಡ್ಡ ಗಣಿಯೋ ಸಿಮೆಂಟ್ ಕಾರ್ಖಾನೆಯೋ ಬರುವುದಾದರೆ ಸ್ಥಳೀಯ ಜನರನ್ನು ಕೂಡಿಸಿ ಬಹಿರಂಗ ಅಹವಾಲು ಕೇಳಬೇಕು. ಆದರೆ ಕಟ್ಟಡ ಯೋಜನೆಗಳನ್ನೂ ಟೌನ್‌ಶಿಪ್ಪುಗಳನ್ನೂ ಈ ಅಹವಾಲಿನಿಂದ ವಿನಾಯಿತಿಯ ಪಟ್ಟಿಗೆ ಸೇರಿಸಿದ್ದಾರೆ! ಎಷ್ಟೇ ಮನೆ ಕಟ್ಟಲಿ, ಕೆಳಗಿನ ಊರಿನವರನ್ನು ಒಂದು ಮಾತು ಕೇಳಬೇಕಾಗಿಲ್ಲ. ಇನ್ನು 20,000 ಚದರ ಮೀಟರಿಗಿಂತ ಕಡಿಮೆ ಕಟ್ಟಡವಾದರೆ, ಅಂದರೆ ಸುಮಾರು 2 ಲಕ್ಷ 15 ಸಾವಿರ ಚದರಡಿಯೊಳಗೆ ಇದ್ದರೆ, ಈ ಅಧಿಸೂಚನೆ ಅದರ ತಂಟೆಗೇ ಹೋಗುವುದಿಲ್ಲ. ಆ ಅಳತೆ ನೆಲದ್ದಲ್ಲ, ಕಟ್ಟಡದ್ದು. ನೆಲ ಚಪ್ಪಟೆಯೋ ಕಡಿದಾದ ಇಳಿಜಾರೋ ಎಂದು ಆ ಅಂಕೆ ಕೇಳುವುದಿಲ್ಲ.

ಪರಿಣಾಮದ ವರದಿ ಬೇಕಾದ ಕಡೆಯಾದರೂ ಅದನ್ನು ಬರೆಯುವವರು ಯಾರು? ಯೋಜನೆಯ ಯಜಮಾನನೇ ಗೊತ್ತುಮಾಡಿ, ಯಜಮಾನನೇ ಹಣ ಕೊಡುವ ಸಲಹೆಗಾರರು. ನಾನು ಹಿಂದೆ ಶಾಲೆಯ ಮೇಷ್ಟರಾಗಿದ್ದವನು. ಪರೀಕ್ಷೆಗೆ ಕೂತ ಹುಡುಗನ ತಂದೆಯೇ ಪರೀಕ್ಷಕರನ್ನು ಆರಿಸಿ, ಸಂಬಳವನ್ನೂ ತಾನೇ ಕೊಟ್ಟರೆ ಆ ಹುಡುಗ ಫೇಲಾಗುವುದುಂಟೆ?

ಇಳಿಜಾರು ಎಂದರೆ ಸುಮ್ಮನೆ ಬಿದ್ದಿರುವ ಮಣ್ಣಲ್ಲ. ಸುರಿದ ಮಳೆಯನ್ನು ಹುಲ್ಲು ತಡೆಯುತ್ತದೆ, ಮಣ್ಣನ್ನು ಬೇರು ಹಿಡಿಯುತ್ತದೆ, ನೆಲ ನಿಧಾನವಾಗಿ ನೀರು ಕುಡಿಯುತ್ತದೆ. ಹಾಗೆ ಕುಡಿದ ನೀರೇ ಬೇಸಿಗೆಯಲ್ಲಿ ಕೆಳಗಿನ ಬಾವಿಗಳಲ್ಲಿ ಜಿನುಗುತ್ತದೆ. ಸೈಟು ಸಮ ಮಾಡಲೆಂದು ಜೆಸಿಬಿ ತಂದು ಗುಡ್ಡದ ಬುಡ ಕಡಿದರೆ ಮೇಲಿನ ಮಣ್ಣಿಗೆ ಆಸರೆ ತಪ್ಪುತ್ತದೆ. ಕಡಿದ ಮಣ್ಣನ್ನು ಪಕ್ಕದ ಹಳ್ಳಕ್ಕೆ ತುಂಬಿದರೆ ನೀರಿಗೆ ದಾರಿ ತಪ್ಪುತ್ತದೆ. ಕಾಂಕ್ರೀಟು ಹಾಸಿದಲ್ಲಿ ನೀರು ಇಂಗುವುದಿಲ್ಲ, ನುಗ್ಗುತ್ತದೆ. ಧರೆ ಒಳಗೊಳಗೇ ನೆನೆದು, ಭಾರವಾಗಿ, ಒಂದು ರಾತ್ರಿ ಕಳಚಿಕೊಳ್ಳುತ್ತದೆ. ಇದರಲ್ಲಿ ದೇವರ ಮುನಿಸೇನೂ ಇಲ್ಲ.

2018ರ ಆಗಸ್ಟ್ ತಿಂಗಳಲ್ಲಿ ಕೊಡಗಿನಲ್ಲಿ ಆದದ್ದನ್ನು ಮರೆಯಲಾದೀತೆ? ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆಯ ಕಡೆ ಗುಡ್ಡಗಳೇ ಇಳಿದು ಬಂದವು. ಮಡಿಕೇರಿ ಪಟ್ಟಣದೊಳಗೇ ಇಂದಿರಾನಗರ, ಚಾಮುಂಡೇಶ್ವರಿನಗರಗಳಲ್ಲಿ ಇಳಿಜಾರಿನ ಮನೆಗಳು ಕುಸಿದವು. ಮಳೆ ಅಸಾಧಾರಣವಾಗಿತ್ತು, ಒಪ್ಪೋಣ. ಆದರೆ ಬಂದು ನೋಡಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯವರು ಮಳೆಯನ್ನೊಂದೇ ದೂರಲಿಲ್ಲ. ಇಳಿಜಾರನ್ನು ಮನಬಂದಂತೆ ಕಡಿದದ್ದನ್ನೂ ಕಾರಣವಾಗಿ ಹೆಸರಿಸಿದರು.

'ಅದು ಘಟ್ಟದ ಕಥೆ, ನಮ್ಮದು ಬಯಲುಸೀಮೆಯ ಅಂಚು' ಎನ್ನುವವರು 2021ರ ಆಗಸ್ಟ್ ತಿಂಗಳನ್ನು ನೆನೆಯಲಿ. ಅಂದು ಮಣ್ಣು ಬಂಡೆ ಉರುಳಿ ರಸ್ತೆ ಮುಚ್ಚಿದ್ದು ಘಟ್ಟದಲ್ಲಲ್ಲ, ಚಿಕ್ಕಬಳ್ಳಾಪುರದ ನಂದಿಬೆಟ್ಟದಲ್ಲಿ.

ನಮ್ಮ ಉಬ್ರಾಣಿಯ ಜನ ಇದನ್ನೇಕೆ ಓದಬೇಕು? ಚನ್ನಗಿರಿ ತಾಲ್ಲೂಕಿನ ಗುಡ್ಡಸಾಲುಗಳಿಂದ ಇಳಿಯುವ ಹಳ್ಳಗಳು ಕೂಡಿಯೇ ಸೂಳೆಕೆರೆ ತುಂಬಬೇಕು. ಆ ಕೆರೆಯ ನೀರನ್ನು ಚಿತ್ರದುರ್ಗದವರೂ ಕುಡಿಯುತ್ತಾರೆ. ಹೂಳು ತುಂಬಿತೆಂದು ವರ್ಷ ವರ್ಷ ಗೋಳಾಡುವ ನಾವು, ಆ ಹೂಳು ಹುಟ್ಟುವುದು ಕಡಿದ ಗುಡ್ಡಗಳಲ್ಲಿ ಎಂಬುದನ್ನು ಮರೆಯಬಾರದು. ಮೇಲೆ ಸೈಟು ಮಾಡಿದವನ ಹಣ ಬೆಂಗಳೂರಿಗೆ ಹೋಗುತ್ತದೆ. ಅವನು ಕಡಿದ ಮಣ್ಣು ನಮ್ಮ ಅಡಿಕೆ ತೋಟಕ್ಕೂ ಕೆರೆಗೂ ಬರುತ್ತದೆ. 2020ರಲ್ಲಿ ಭೂಸುಧಾರಣಾ ಕಾಯಿದೆಯ 79ಎ, 79ಬಿ ಕಲಮುಗಳನ್ನು ಕಿತ್ತುಹಾಕಿ, ರೈತನಲ್ಲದವನೂ ಹೊಲ ಕೊಳ್ಳಬಹುದೆಂದು ಬಾಗಿಲು ತೆರೆದಿಟ್ಟರು. ಹೀಗಿರುವಾಗ ನಮ್ಮ ಗುಡ್ಡಗಳ ಮೇಲೆ ದುಡ್ಡಿನವರ ಕಣ್ಣು ಬೀಳುವುದಕ್ಕೆ ಎಷ್ಟು ಹೊತ್ತು?

'ಹಾಗಾದರೆ ಬಡವನಿಗೆ ಮನೆ ಬೇಡವೇ?' ಎಂದು ಕೇಳುವವರಿದ್ದಾರೆ. ಬೇಕು, ಮೊದಲು ಅವನಿಗೇ ಬೇಕು. ಆದರೆ ಮೋಡ ನೋಡುವ ಕಿಟಕಿಯ ಮನೆ ಕೂಲಿಯವನಿಗಾಗಿ ಕಟ್ಟಿದ್ದಲ್ಲ. ಸಮತಟ್ಟಾದ ನೆಲಕ್ಕೆ ಬೆಲೆ ಏರಿಸಿ, ಬಡವನನ್ನು ಕುಸಿಯುವ ಧರೆಯ ಕೆಳಕ್ಕೆ ತಳ್ಳಿದವರೇ ಈಗ ಅವನ ಹೆಸರು ಹೇಳಿ ಗುಡ್ಡ ಕೇಳುತ್ತಿದ್ದಾರೆ. ಮಡಿಕೇರಿಯ ಆ ಬಡಾವಣೆಗಳಲ್ಲಿ ಮನೆ ಕಳೆದುಕೊಂಡವರು ರೆಸಾರ್ಟಿನ ಮಾಲೀಕರಲ್ಲ, ದುಡಿದು ತಿನ್ನುವ ಜನ. ಮುಂದೆ ಸರ್ಕಾರ ಜಂಬೂರು, ಕರ್ಣಂಗೇರಿ, ಮದೆನಾಡುಗಳಲ್ಲಿ ನಿರಾಶ್ರಿತರಿಗೆ ಮನೆ ಕಟ್ಟಿಕೊಡಬೇಕಾಯಿತು. ಆ ಖರ್ಚು ಬಂದದ್ದು ಗುಡ್ಡ ಕಡಿದವರ ಜೇಬಿನಿಂದಲ್ಲ, ಸಾರ್ವಜನಿಕರ ಹಣದಿಂದ. ಲಾಭ ಒಬ್ಬನಿಗೆ, ದಂಡ ಊರಿಗೆಲ್ಲ!

ರೈತ ಬಂಧುಗಳೇ, ನಮ್ಮ ಬೇಡಿಕೆ ನಾಲ್ಕೇ ನಾಲ್ಕು. ಒಂದು, ಇಳಿಜಾರಿನ ಜಮೀನನ್ನು ಮನೆ ಸೈಟಿಗೆ ಪರಿವರ್ತಿಸುವ ಮುನ್ನ ಜಿಲ್ಲಾಧಿಕಾರಿಗಳು ಗುಡ್ಡದ ಕೆಳಗಿನ ಎಲ್ಲ ಊರುಗಳ ಗ್ರಾಮಸಭೆಯ ಒಪ್ಪಿಗೆ ಪಡೆಯಬೇಕು. ಎರಡು, ಯಜಮಾನ ಹಣವನ್ನು ಸರ್ಕಾರಕ್ಕೆ ಕಟ್ಟಲಿ, ತಜ್ಞರನ್ನು ಸರ್ಕಾರ ಆರಿಸಲಿ; ವರದಿ ಕನ್ನಡದಲ್ಲಿ ಪಂಚಾಯ್ತಿ ಕಚೇರಿಯ ಮುಂದೆ ತೂಗಲಿ. ಮೂರು, ಕಡಿದಾದ ಇಳಿಜಾರನ್ನೂ ಹಳ್ಳದ ತಲೆಯನ್ನೂ ಯಾವ ನೆಪಕ್ಕೂ ಮುಟ್ಟಕೂಡದು. ನಾಲ್ಕು, ಮನೆಯಿಲ್ಲದವರಿಗೆ ಸಮತಟ್ಟಾದ ಸರ್ಕಾರಿ ಜಮೀನಿನಲ್ಲಿ ನಿವೇಶನ ಕೊಡಬೇಕು.

ಗುಡ್ಡಕ್ಕೆ ಜೆಸಿಬಿ ಹತ್ತಿದ ಮೇಲೆ ತಾಲ್ಲೂಕು ಕಚೇರಿಗೆ ಅರ್ಜಿ ಹಿಡಿದು ಓಡಿದರೆ ಫಲವಿಲ್ಲ. ಮುಂದಿನ ಗ್ರಾಮಸಭೆಯಲ್ಲಿಯೇ ಈ ನಾಲ್ಕನ್ನೂ ನಿರ್ಣಯವಾಗಿ ಮಂಡಿಸಿ. ನಡಾವಳಿ ಪುಸ್ತಕದಲ್ಲಿ ಬರೆದು, ಓದಿ ಹೇಳಿ, ಸಹಿಯಾಗುವ ತನಕ ಒಬ್ಬರೂ ಎದ್ದು ಮನೆಗೆ ಹೋಗಬೇಡಿ.