ಮಲಗಿದವರು ಅರಿಯದ ಸದ್ದು

ಮಗು ನಿದ್ದೆಯಲ್ಲಿ ಹಲ್ಲು ಕಡಿದರೆ ಜಂತುಹುಳುವಿನ ಮೇಲೆ ತಪ್ಪು ಹೊರಿಸುವುದು ವಾಡಿಕೆ. ಆದರೆ ಈ ಅಭ್ಯಾಸ ದೊಡ್ಡವರಲ್ಲೂ ಉಂಟು. ಮನಸ್ಸಿನ ಕಳವಳ ಅದನ್ನು ಹೆಚ್ಚಿಸುತ್ತದೆ. ಕಡಿಯುವವರಿಗೆ ಅದರ ಅರಿವಿರದು. ಬೆಳಗಾದಾಗ ದವಡೆ ಬಿಗಿದಿರುತ್ತದೆ. ಬಾಯಿ ತೆರೆದರೆ ಕಿವಿಯ ಮುಂದಿನ ಕೀಲು ನೋಯುತ್ತದೆ. ದೇಹದಲ್ಲೆಲ್ಲ ಅತಿ ಗಟ್ಟಿಯಾದ ವಸ್ತು ಹಲ್ಲಿನ ಮೇಲಣ ಎನಾಮೆಲ್. ಆದರೂ ಅದು ಒಮ್ಮೆ ಸವೆದರೆ ಮತ್ತೆ ಬೆಳೆಯದು.

ಇದಕ್ಕೆಂದು ದಂತವೈದ್ಯರು ಬಾಯಿಯ ಅಚ್ಚು ತೆಗೆದು ಅಕ್ರಿಲಿಕ್ಕಿನ ಕವಚವೊಂದನ್ನು ಮಾಡಿಸಿಕೊಡುತ್ತಾರೆ. ಸ್ಪ್ಲಿಂಟ್ ಎಂದು ಅದರ ಹೆಸರು. ರಾತ್ರಿ ಅದನ್ನು ತೊಟ್ಟರೆ ಹಲ್ಲಿಗೆ ಬದಲಾಗಿ ಕವಚ ಸವೆಯುತ್ತದೆ. ಕೆಲವರಿಗೆ ನೋವೂ ತಗ್ಗುತ್ತದೆ. ಆದರೆ ಕಡಿಯುವ ಚಟವನ್ನೇ ಅದು ಬಿಡಿಸಲಾರದು.

ಗೊರಕೆಗೆ ಕೊಡುವ ಕವಚ ಬೇರೆಯೇ. ಅದು ಎರಡೂ ಹಲ್ಲುಸಾಲುಗಳನ್ನು ಹಿಡಿದು ಕೆಳದವಡೆಯನ್ನು ತುಸು ಮುಂದಕ್ಕೆ ನಿಲ್ಲಿಸುತ್ತದೆ. ದವಡೆಯೊಡನೆ ನಾಲಗೆಯೂ ಮುಂದೆ ಸರಿದು ಗಂಟಲಿನಲ್ಲಿ ಉಸಿರಿನ ದಾರಿ ತೆರೆಯುತ್ತದೆ. ಒಂದರ ಕೆಲಸಕ್ಕೆ ಇನ್ನೊಂದು ಒದಗದು.

ಗೊರಕೆ ನಡುನಡುವೆ ನಿಂತು, 10 ಸೆಕೆಂಡು ಅಥವಾ ಅದಕ್ಕೂ ಹೆಚ್ಚು ಹೊತ್ತು ಉಸಿರು ಕಟ್ಟಿ, ಬಳಿಕ ಬೆಚ್ಚಿಬಿದ್ದಂತೆ ಮರಳುತ್ತಿದ್ದರೆ ಅದನ್ನು ನಗೆಯ ವಿಷಯವೆಂದು ಬಗೆಯಬಾರದು. ಅಂಥವರಿಗೆ ಹಗಲೆಲ್ಲ ತೂಕಡಿಕೆ. ವಾಹನ ನಡೆಸುವವರಾದರೆ ಅದೇ ಪ್ರಾಣಾಪಾಯ. ರಕ್ತದೊತ್ತಡವೂ ಏರಬಹುದು. ಅಂಗಡಿಯಲ್ಲಿ ಸಿಕ್ಕ ಕವಚ ತೊಟ್ಟು ಸುಮ್ಮನಾಗದೆ, ಮೊದಲು ವೈದ್ಯರಿಂದ ನಿದ್ರೆಯ ಪರೀಕ್ಷೆ ಮಾಡಿಸಬೇಕು.

ಈ ಎರಡು ಸದ್ದುಗಳೂ ಮಲಗಿದವರಿಗೆ ಕೇಳಿಸವು. ಪಕ್ಕದಲ್ಲಿ ಎಚ್ಚರವಾಗಿದ್ದವರು ಸಂಕೋಚವನ್ನು ಬಿಟ್ಟು, ಕೇಳಿದ್ದನ್ನು ಕೇಳಿದಂತೆಯೇ ತಿಳಿಸಿದರೆ ಚಿಕಿತ್ಸೆಗೆ ದಾರಿಯಾಗುತ್ತದೆ.