ವಿಜ್ಞಾನಕ್ಕೆ ಸಾಹಿತ್ಯ ಹಗೆಯೇ?

ಗಡಿಯಾಚೆಯ ನಮ್ಮ ಮನೆಗಳಲ್ಲಿ ಒಂದು ತೀರ್ಪು ಬಹುಕಾಲದಿಂದ ನಡೆದುಬಂದಿದೆ. ಹತ್ತನೆಯ ತರಗತಿಯಲ್ಲಿ ಹೆಚ್ಚು ಅಂಕ ಪಡೆದ ಮಗು ವಿಜ್ಞಾನಕ್ಕೆ ಹೋಗಬೇಕು. ವಿಜ್ಞಾನಕ್ಕೆ ಹೋದ ಮಗು ಕನ್ನಡವನ್ನು ಕೈಬಿಡಬೇಕು. ಭಾಷೆ, ಇತಿಹಾಸ, ತತ್ತ್ವಶಾಸ್ತ್ರಗಳೆಲ್ಲ ಅಂಕ ಸಾಲದವರ ಪಾಲಿಗೆ. ಕೇರಳ, ತಮಿಳುನಾಡುಗಳಲ್ಲಿ ಪ್ಲಸ್ ಟು ಎನ್ನಲಿ, ಆಂಧ್ರದಲ್ಲಿ ಇಂಟರ್ ಎನ್ನಲಿ, ಮಹಾರಾಷ್ಟ್ರದಲ್ಲಿ ಹನ್ನೊಂದನೆಯ ತರಗತಿ ಎನ್ನಲಿ, ತೀರ್ಪು ಮಾತ್ರ ಒಂದೇ. ಇದರಿಂದ ಕನ್ನಡಕ್ಕೆ ಆಗುವ ನಷ್ಟವನ್ನು ನಾವು ವೇದಿಕೆಗಳಲ್ಲಿ ಸಾಕಷ್ಟು ಹೇಳಿಕೊಂಡಿದ್ದೇವೆ. ಇದರಿಂದ ವಿಜ್ಞಾನಕ್ಕೂ ನಷ್ಟವಿದೆ ಎಂಬುದು ನನ್ನ ವಾದ.

ಮಗ ಅಮೆರಿಕಕ್ಕೆ ಹೋಗಬೇಕು, ಅಲ್ಲಿ ಕನ್ನಡ ಯಾತಕ್ಕೆ, ಸಾಹಿತ್ಯ ಯಾತಕ್ಕೆ ಎಂದು ಕೇಳುವವರಿದ್ದಾರೆ. ಹಾಗಾದರೆ ಅಮೆರಿಕವನ್ನೇ ನೋಡೋಣ. ಅಲ್ಲಿನ ದೊಡ್ಡ ವಿಶ್ವವಿದ್ಯಾಲಯಗಳ ಹೆಸರು ನಮಗೆ ಬಾಯಿಪಾಠ. ಆದರೆ ಲಿಬರಲ್ ಆರ್ಟ್ಸ್ ಕಾಲೇಜುಗಳೆಂಬ ಸಣ್ಣ ಸಂಸ್ಥೆಗಳ ಸುದ್ದಿ ನಮ್ಮ ಕಿವಿಗೆ ಬಿದ್ದಿರುವುದು ಕಡಮೆ. ‘ಆರ್ಟ್ಸ್’ ಎಂಬ ಹೆಸರು ಕೇಳಿ ಅದು ವಿಜ್ಞಾನವಿಲ್ಲದ ಕಾಲೇಜು ಎಂದು ತಿಳಿಯಬೇಡಿ. ಮಧ್ಯಯುಗದ ಯೂರೋಪಿನಲ್ಲಿ ಈ ಹೆಸರಿನಿಂದ ಕರೆಯುತ್ತಿದ್ದ ಏಳು ವಿದ್ಯೆಗಳಲ್ಲಿ ಅಂಕಗಣಿತ, ರೇಖಾಗಣಿತ, ಖಗೋಳಶಾಸ್ತ್ರಗಳೂ ಸೇರಿದ್ದವು. ಇಂದು ಅಲ್ಲಿ ರಸಾಯನಶಾಸ್ತ್ರ, ಭೌತಶಾಸ್ತ್ರಗಳನ್ನು ಓದುವವರು ಕಾವ್ಯವನ್ನೂ ಚರಿತ್ರೆಯನ್ನೂ ಓದುತ್ತಾರೆ.

ಅಯೋವಾ ರಾಜ್ಯದಲ್ಲಿ, ಜೋಳದ ಹೊಲಗಳ ನಡುವಣ ಸಣ್ಣ ಊರೊಂದರಲ್ಲಿ, ಗ್ರಿನೆಲ್ ಎಂಬ ಕಾಲೇಜಿದೆ. ಇಂದಿಗೂ ಅಲ್ಲಿನ ವಿದ್ಯಾರ್ಥಿಗಳ ಸಂಖ್ಯೆ ಎರಡು ಸಾವಿರವನ್ನು ಮುಟ್ಟಿಲ್ಲ. 1966ರಲ್ಲಿ ಥಾಮಸ್ ಚೆಕ್ ಎಂಬ ತರುಣ ಅಲ್ಲಿಗೆ ಸೇರಿದ. ರಸಾಯನಶಾಸ್ತ್ರದೊಂದಿಗೆ ಹೋಮರನ ‘ಒಡಿಸ್ಸಿ’, ದಾಂತೆಯ ‘ಇನ್‌ಫರ್ನೋ’, ಸಂವಿಧಾನದ ಇತಿಹಾಸ ಇವನ್ನೂ ಓದಿದ. ಇವು ತನಗೆ ರಸಾಯನಶಾಸ್ತ್ರದಷ್ಟೇ ಸಂತೋಷ ಕೊಟ್ಟವೆಂದು ಮುಂದೆ ತಾನೇ ಬರೆದ. ಕೋಶದೊಳಗಿನ ರಾಸಾಯನಿಕ ಕ್ರಿಯೆಗಳನ್ನು ಚುರುಕುಗೊಳಿಸುವ ಕಿಣ್ವಗಳೆಲ್ಲ ಪ್ರೋಟೀನುಗಳೇ ಎಂದು ವಿಜ್ಞಾನಿಗಳು ನಂಬಿದ್ದ ಕಾಲದಲ್ಲಿ, ಆರ್‌ಎನ್‌ಎ ಕೂಡ ಆ ಕೆಲಸ ಮಾಡಬಲ್ಲದೆಂದು ತೋರಿಸಿದವರಲ್ಲಿ ಈತನೊಬ್ಬ. 1989ರ ನೊಬೆಲ್ ಪ್ರಶಸ್ತಿಯನ್ನು ಸಿಡ್ನಿ ಆಲ್ಟ್‌ಮನ್ನನೊಡನೆ ಹಂಚಿಕೊಂಡ. ಹೋಮರನನ್ನು ಓದಿದ್ದರಿಂದಲೇ ನೊಬೆಲ್ ಬಂತೆಂದು ನಾನು ಹೇಳುತ್ತಿಲ್ಲ. ಓದಿದ್ದರಿಂದ ತಪ್ಪಲಿಲ್ಲ ಎಂಬುದಂತೂ ಸ್ಪಷ್ಟ.

ರೋಜರ್ ಸ್ಪೆರಿಯ ಕಥೆ ಇನ್ನೂ ವಿಚಿತ್ರ. ಒಹಾಯೋದ ಓಬರ್ಲಿನ್ ಕಾಲೇಜಿನಲ್ಲಿ 1935ರಲ್ಲಿ ಆತ ಪಡೆದದ್ದು ಇಂಗ್ಲಿಷ್ ಸಾಹಿತ್ಯದ ಪದವಿ. ಅನಂತರ ಮನಶ್ಶಾಸ್ತ್ರಕ್ಕೆ, ಅಲ್ಲಿಂದ ಪ್ರಾಣಿಶಾಸ್ತ್ರಕ್ಕೆ ಬಂದ. ಮೆದುಳಿನ ಎಡಬಲ ಭಾಗಗಳ ಕುರಿತ ಸಂಶೋಧನೆಗಾಗಿ 1981ರಲ್ಲಿ ಆತನಿಗೂ ನೊಬೆಲ್ ಬಂತು.

ಇದರ ಹಿಂದಿನ ಕಾರಣ ಸರಳ. ಇಂಥ ಸಣ್ಣ ಕಾಲೇಜುಗಳಲ್ಲಿ ಪಿಎಚ್.ಡಿ. ವಿದ್ಯಾರ್ಥಿಗಳು ಇರುವುದಿಲ್ಲವೆಂದೇ ಹೇಳಬೇಕು. ಆದ್ದರಿಂದ ಸಂಶೋಧನೆ ಮಾಡುವ ಅಧ್ಯಾಪಕನಿಗೆ ಪದವಿ ವಿದ್ಯಾರ್ಥಿಗಳೇ ಸಹಾಯಕರು; ಉಪಕರಣ ಅವರ ಕೈಗೇ ಬರುತ್ತದೆ. ಆರೆಗನ್ ರಾಜ್ಯದ ರೀಡ್ ಕಾಲೇಜಿನಲ್ಲಿ 1968ರಿಂದ ಒಂದು ಪುಟ್ಟ ಪರಮಾಣು ಸಂಶೋಧನಾ ರಿಯಾಕ್ಟರ್ ಇದೆ. ಅದನ್ನು ನಡೆಸುವವರಲ್ಲಿ ಹೆಚ್ಚಿನವರು ಪದವಿ ವಿದ್ಯಾರ್ಥಿಗಳು. ಅದೇ ಕಾಲೇಜಿನಲ್ಲಿ ಮೊದಲ ವರ್ಷ ಎಲ್ಲರೂ ಮಾನವಿಕಗಳ ಒಂದು ಪಾಠಕ್ರಮವನ್ನು ಓದಲೇಬೇಕು, ಕೊನೆಯ ವರ್ಷ ಎಲ್ಲರೂ ಒಂದು ಪ್ರಬಂಧ ಬರೆಯಲೇಬೇಕು. ರಿಯಾಕ್ಟರ್ ನಡೆಸುವ ಹುಡುಗಿಗೂ ವಿನಾಯಿತಿ ಇಲ್ಲ. ಕಂಡದ್ದನ್ನು ಬಿಡಿಸಿ ಹೇಳಲಾಗದವನು ಕಂಡದ್ದನ್ನು ಪೂರ್ತಿ ಕಂಡಿಲ್ಲ ಎಂಬ ವಿವೇಕ ಈ ನಿಯಮದಲ್ಲಿದೆ.

ಎದುರುವಾದವೂ ಉಂಟು. ಅಲ್ಲಿ ಶುಲ್ಕ ವಿಪರೀತ. ದೊಡ್ಡ ವಿಶ್ವವಿದ್ಯಾಲಯದ ಉಪಕರಣಗಳೂ ಬಗೆಬಗೆಯ ವಿಷಯಗಳೂ ಅಲ್ಲಿ ಸಿಗವು. ಈ ಮಾತು ನಿಜ. ಆದರೆ ನಾವು ಅಲ್ಲಿಂದ ತರಬೇಕಾದದ್ದು ಕಟ್ಟಡವನ್ನಲ್ಲ, ಒಂದು ನಂಬಿಕೆಯನ್ನು, ಅದಕ್ಕೆ ಶುಲ್ಕವಿಲ್ಲ. ಅದೂ ನಮಗೆ ಹೊಸತೇನಲ್ಲ. ಸಸ್ಯವಿಜ್ಞಾನಿ ಬಿ.ಜಿ.ಎಲ್. ಸ್ವಾಮಿ ಅವರು ಪಾಠ ಹೇಳಿದ್ದು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ, ನಮ್ಮ ಹಾಗೆಯೇ ಗಡಿಯಾಚೆ. ಅವರ ‘ಹಸುರು ಹೊನ್ನು’ ಕೃತಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಗಿಡದ ಶಾಸ್ತ್ರವೂ ಕನ್ನಡದ ನಗೆಯೂ ಒಂದೇ ತಲೆಯಲ್ಲಿ ಜಗಳವಿಲ್ಲದೆ ಬಾಳಿದವು.

ಆದ್ದರಿಂದ ಸಂಘದ ಬಂಧುಗಳಲ್ಲಿ ನನ್ನ ಆಗ್ರಹ ಮೂರು. ಮಗು ವಿಜ್ಞಾನವನ್ನು ಆರಿಸಿದ ದಿನವೇ ಅದರ ಕೈಯಿಂದ ಕನ್ನಡ ಪುಸ್ತಕವನ್ನು ಕಸಿಯಬೇಡಿ. ಕನ್ನಡವನ್ನು ಭಾಷಾವಿಷಯವಾಗಿ ಆರಿಸಿಕೊಳ್ಳುವ ಅವಕಾಶವಿದ್ದಲ್ಲಿ ಅದನ್ನು ಉಳಿಸಿಕೊಳ್ಳಿ. ನಮ್ಮೂರಿನ ಸಣ್ಣ ಕಾಲೇಜನ್ನು ಸಣ್ಣದೆಂಬ ಒಂದೇ ಕಾರಣಕ್ಕೆ ಹೀಗಳೆಯಬೇಡಿ. ಅಲ್ಲಿ ಮಕ್ಕಳ ಕೈಗೆ ಉಪಕರಣ ಕೊಡುವ ಅಧ್ಯಾಪಕರು ಇದ್ದಾರೆಯೇ ಎಂದು ಮೊದಲು ವಿಚಾರಿಸಿ. ಮೂರನೆಯದು ಸಂಘಕ್ಕೇ ಸಂಬಂಧಿಸಿದ್ದು. ಕವಿಗೋಷ್ಠಿಗೆ ಅರ್ಧ ದಿನ ಕೊಡುವ ನಾವು ವಿಜ್ಞಾನದ ವಿದ್ಯಾರ್ಥಿಗಳಿಗೆ ಒಂದು ಗಂಟೆಯನ್ನಾದರೂ ಕೊಡಬೇಕು. ಪ್ರಯೋಗಾಲಯದಲ್ಲಿ ತಾನು ಕಂಡದ್ದನ್ನು ನಮ್ಮ ಹುಡುಗಿಯೊಬ್ಬಳು ಈ ವೇದಿಕೆಯ ಮೇಲೆ ನಿಂತು, ಮುಂದಿನ ಸಾಲಿನಲ್ಲಿ ಕುಳಿತ ಅಜ್ಜಿಗೆ ತಿಳಿಯುವ ಕನ್ನಡದಲ್ಲಿ ಹೇಳಲಿ. ಮುಂದಿನ ಸಮ್ಮೇಳನದ ಆಮಂತ್ರಣ ಪತ್ರಿಕೆಯಲ್ಲಿ ಆ ಗೋಷ್ಠಿಯ ಹೆಸರು ಅಚ್ಚಾಗಿರಬೇಕು.