ಅಳಿದುಹೋದ ಮುದ್ರೆ

ಅಮೆರಿಕದಲ್ಲಿರುವ ಬಂಧುವೊಬ್ಬರು ಹಳೆಯ ಮರದ ಯೋಯೋ ಒಂದನ್ನು ನಮಗೆ ತಂದಿತ್ತರು. ದಾರದಲ್ಲಿ ಇಳಿದು ಏರುವ ಆ ಆಟಿಕೆಯ ಕೊಳೆಯನ್ನು ಕಂಡು ಒದ್ದೆಬಟ್ಟೆಯಿಂದ ಉಜ್ಜಿದೆವು. ಮರವೇನೋ ಹೊಳೆಯಿತು, ಮೇಲಿದ್ದ ಹೆಸರು ಅಳಿದುಹೋಯಿತು. ಕಳೆದುಕೊಂಡದ್ದರ ಬೆಲೆ ಅದರ ಚರಿತ್ರೆಯನ್ನು ಓದಿದ ಮೇಲೆಯೇ ನಮಗೆ ತಿಳಿದದ್ದು.

1928ರಲ್ಲಿ ಕ್ಯಾಲಿಫೋರ್ನಿಯದ ಸಾಂತಾ ಬಾರ್ಬರಾದಲ್ಲಿ ಪೆಡ್ರೊ ಫ್ಲೋರೆಸ್ ಎಂಬ ಫಿಲಿಪೈನ್ಸ್ ಮೂಲದವರು ಇವನ್ನು ತಯಾರಿಸತೊಡಗಿದರು. ದಾರವನ್ನು ನಡುಗೂಟಕ್ಕೆ ಬಿಗಿಯದೆ ಕುಣಿಕೆಯಾಗಿ ಹಾಕುತ್ತಿದ್ದುದರಿಂದ ಆಟಿಕೆಯು ಕೆಳತುದಿಯಲ್ಲಿಯೇ ನಿಂತು ತಿರುಗಬಲ್ಲದಾಗಿತ್ತು. ಮುಂದೆ ಡೊನಾಲ್ಡ್ ಡಂಕನ್ ಆ ಉದ್ಯಮವನ್ನು ಕೊಂಡು, ‘ಯೋಯೋ’ ಎಂಬ ಪದವನ್ನೇ ತಮ್ಮ ವ್ಯಾಪಾರಮುದ್ರೆಯಾಗಿಸಿಕೊಂಡರು. ಅದು ಎಲ್ಲರಿಗೂ ಸೇರಿದ ಸಾಮಾನ್ಯ ಪದವೆಂದು 1965ರಲ್ಲಿ ನ್ಯಾಯಾಲಯವು ತೀರ್ಪಿತ್ತಿತು.

ಆದುದರಿಂದಲೇ ಸಂಗ್ರಾಹಕರು ಮೊದಲು ಓದುವುದು ಬರಹವನ್ನು. ‘ಫ್ಲೋರೆಸ್’ ಎಂದಿದ್ದರೆ ಅದು ಆರಂಭಕಾಲದ್ದು. ‘ಯೋಯೋ’ ಎನ್ನದೆ ‘ಮರಳಿ ಬರುವ ಬುಗುರಿ’ ಎಂಬರ್ಥದ ಇಂಗ್ಲಿಷ್ ಮಾತಿದ್ದರೆ ಪ್ರತಿಸ್ಪರ್ಧಿಗಳದ್ದಿರಬಹುದು. ಮುದ್ರೆಯನ್ನು ಮರದೊಳಕ್ಕೆ ಒತ್ತಲಾಗಿದೆಯೋ, ಬಣ್ಣದಲ್ಲಿ ಮೂಡಿಸಲಾಗಿದೆಯೋ, ಚಿತ್ರವಾಗಿ ಅಂಟಿಸಲಾಗಿದೆಯೋ ಎಂಬುದನ್ನು ಬಳಿಕ ನೋಡುವರು. ಒಂದೇ ತುಂಡಿನಿಂದ ಕಡೆದದ್ದೋ, ಎರಡು ಬಿಲ್ಲೆಗಳನ್ನು ಗೂಟದಿಂದ ಜೋಡಿಸಿದ್ದೋ ಎಂಬುದೂ ಮುಖ್ಯ. ಇವೆಲ್ಲವನ್ನೂ ಕೂಡಿಸಿ ಕಾಲವನ್ನು ನಿರ್ಣಯಿಸುವರು. ಬರಿಯ ಸವಕಲು ಮರವನ್ನು ಕಂಡು ಪ್ರಾಚೀನವೆನ್ನುವುದು ಸಲ್ಲದು. ಆಡಿದ ಮಕ್ಕಳ ಕೈ ಒಂದೇ ವರ್ಷದಲ್ಲಿ ಸವೆಸಬಲ್ಲದು.

ಓದುಗ ಬಂಧುಗಳೇ, ಇಂಥ ವಸ್ತು ಕೈಗೆ ಬಂದರೆ ನೀರು ತಾಗಿಸಬೇಡಿರಿ, ಹೊಸ ಬಣ್ಣ ಬಳಿಯಬೇಡಿರಿ. ಒಣಗಿದ ಮೆದುಬಟ್ಟೆಯಿಂದ ಧೂಳನ್ನಷ್ಟೇ ತೆಗೆಯಿರಿ. ನಮ್ಮ ಯೋಯೋ ಇಂದಿಗೂ ಸೊಗಸಾಗಿ ತಿರುಗುತ್ತದೆ. ಆದರೆ ತಾನು ಯಾರ ಕೈಯ ಕೆಲಸವೆಂದು ಹೇಳಲಾರದು.